ಸೊಪ್ಪಿನ ಮಡಿಗೂ ನೆಲದ ಹಕ್ಕು ಬೇಕು

ಮಳೆ ಬಂದು ಕೇಡಿಲ್ಲ, ಮಗ ಉಂಡು ಕೇಡಿಲ್ಲ ಎಂಬುದು ನಮ್ಮ ಬಯಲುಸೀಮೆಯ ಹಳೆಯ ಮಾತು. ಮುಗಿಲು ನೋಡುತ್ತಲೇ ಆಯುಸ್ಸು ಕಳೆಯುವ ಜನರಲ್ಲಿ ಇಂಥ ಮಾತು ಹುಟ್ಟುವುದು ಸಹಜ. ಆದರೆ 2025ರ ಬೇಸಿಗೆ ಈ ಮಾತನ್ನು ಒರೆಗೆ ಹಚ್ಚಿತು. ನೈಋತ್ಯ ಮಾರುತ ಆ ವರ್ಷ ಮೇ 24ಕ್ಕೇ ಕೇರಳದ ಕರಾವಳಿ ಮುಟ್ಟಿತು. 2009ರಿಂದೀಚೆಗೆ ಅದು ಅಷ್ಟು ಬೇಗ ಬಂದದ್ದಿಲ್ಲ. ಮಾರುತ ಬರುವ ಮೊದಲೇ ರಾಜ್ಯದ ಉದ್ದಗಲಕ್ಕೂ ಮಳೆ ಹಿಡಿದಿತ್ತು. ದಾಖಲೆಯಂತೆ ಕರ್ನಾಟಕದಲ್ಲಿ 125 ವರ್ಷಗಳಲ್ಲಿ ಅಷ್ಟು ಮಳೆಯಾದ ಮೇ ತಿಂಗಳು ಇನ್ನೊಂದಿಲ್ಲ. ಬಿಸಿಲಿಗೆ ಬೆಂದು ಕಾಯಬೇಕಾಗಿದ್ದ ನೆಲ ಕೆಸರಾಯಿತು. ಹಿತ್ತಿಲ ಸೊಪ್ಪು, ಹೊಲದ ಟೊಮೇಟೊ ಕೊಳೆತವು.

ಇದನ್ನು ಕಂಡು ಹಲವರು ಮಳೆಯನ್ನು ಬೈದರು. ಮಳೆಗೆ ಕಿವಿಯಿಲ್ಲ, ಬೈದರೆ ಯಾರಿಗೂ ನಷ್ಟವಿಲ್ಲ, ಲಾಭವೂ ಇಲ್ಲ. ನಾವು ಇಲ್ಲಿ ಬೇರೆ ಪ್ರಶ್ನೆ ಎತ್ತಬೇಕಾಗಿದೆ. ಒಂದೇ ಊರಿನಲ್ಲಿ, ಒಂದೇ ಮಳೆಯಲ್ಲಿ, ಒಬ್ಬನ ಮಡಿ ಕೊಳೆಯಿತು, ಇನ್ನೊಬ್ಬನ ಮಡಿ ಉಳಿಯಿತು. ಯಾಕೆ? ಇದಕ್ಕೆ ಉತ್ತರ ಹುಡುಕಹೋದರೆ ಅದು ಮೋಡದಲ್ಲಿ ಸಿಕ್ಕುವುದಿಲ್ಲ, ಪಹಣಿಯಲ್ಲಿ ಸಿಕ್ಕುತ್ತದೆ.

ಹೊಸದುರ್ಗ ತಾಲ್ಲೂಕಿನ ಮಾಡದಕೆರೆ ಹೋಬಳಿಯನ್ನು ನಮ್ಮ ವಾಚಕರಲ್ಲಿ ಅನೇಕರು ಬಲ್ಲರು. ಊರ ಹೆಸರಿನಲ್ಲೇ ಕೆರೆಯಿದೆ. ವರ್ಷಕ್ಕೆ ಆರುನೂರು ಮಿಲಿಮೀಟರಿನ ಆಸುಪಾಸು ಮಳೆ ಕಾಣುವ ಈ ಸೀಮೆಯ ಹಿರಿಯರಿಗೆ ಗೊತ್ತಿದ್ದ ದೊಡ್ಡ ವಿದ್ಯೆಯೆಂದರೆ ನೀರನ್ನು ತಡೆಯುವುದು. ಕೆರೆ ಕಟ್ಟಿದರು, ಒಡ್ಡು ಹಾಕಿದರು, ಬದು ಏರಿಸಿದರು. ಪಕ್ಕದ ಹಿರಿಯೂರು ತಾಲ್ಲೂಕಿನಲ್ಲಿ ವೇದಾವತಿಗೆ ಅಡ್ಡವಾಗಿ 1898ರಿಂದ 1907ರವರೆಗೆ ಕಟ್ಟಿದ ವಾಣಿವಿಲಾಸ ಸಾಗರವೂ ಇದೇ ವಿದ್ಯೆಯ ಫಲ. ಅದು 1933ರಲ್ಲಿ ಒಮ್ಮೆ ಕೋಡಿ ಬಿದ್ದದ್ದು. ಮತ್ತೆ ಕೋಡಿ ಬಿದ್ದದ್ದು 89 ವರ್ಷ ಕಳೆದು, 2022ರಲ್ಲಿ. ಆ ವರ್ಷ ಹಿನ್ನೀರು ನಮ್ಮ ತಾಲ್ಲೂಕಿನ ಹಳ್ಳಿಗಳ ಹೊಲಗಳಿಗೂ ನುಗ್ಗಿತು. ಮತ್ತೆ ಎರಡೂವರೆ ವರ್ಷ ತುಂಬುವ ಮೊದಲೇ, 2025ರ ಜನವರಿಯಲ್ಲಿ ಮೂರನೆಯ ಸಲ ಕೋಡಿ ಬಿತ್ತು. ಭದ್ರೆಯಿಂದ ಎತ್ತಿ ತಂದ ನೀರೂ ಅದಕ್ಕೆ ಸೇರಿತ್ತೆಂಬುದು ನಿಜ. ಆದರೂ ಕಾಲ ಬದಲಾಗಿದೆಯೆಂಬುದಕ್ಕೆ ಬೇರೆ ಸಾಕ್ಷಿ ಬೇಡ. ನೀರನ್ನು ತಡೆಯುವ ವಿದ್ಯೆ ಕಲಿತ ನಾವು ಈಗ ನೀರನ್ನು ಬಸಿಯುವ ವಿದ್ಯೆಯನ್ನೂ ಕಲಿಯಬೇಕಾಗಿ ಬಂದಿದೆ.

ಈ ಹೋಬಳಿಯ ಒಂದು ಹಳ್ಳಿಯಲ್ಲಿ ಒಂಬತ್ತು ಮನೆಗಳವರು ಹನ್ನೆರಡು ಗುಂಟೆ ಹಕ್ಕಲು ನೆಲದಲ್ಲಿ ಕಾಯಿಪಲ್ಯ ಬೆಳೆಯುತ್ತಿದ್ದರು. ಯಾರಿಗೂ ಸ್ವಂತ ಭೂಮಿಯಿಲ್ಲ. ಕೆಲವರು ಪೇಟೆಯ ಮಿಲ್ಲಿಗೆ ಪಾಳಿಯ ಮೇಲೆ ಹೋಗುವವರು, ಕೆಲವರು ತೋಟದ ಕೂಲಿಗಳು, ಒಂದು ಮನೆಯವರು ಸಂತೆಯಲ್ಲಿ ಬಳೆ ಮಾರುವವರು. ನೆಲದ ಯಜಮಾನರು ಬಾಯಿಮಾತಿನಲ್ಲಿ, ‘ಖಾಲಿ ಬಿದ್ದಿದೆ, ಏನಾದರೂ ಬೆಳಕೊಳ್ಳಿ, ಕೇಳಿದಾಗ ಬಿಡಿ’ ಎಂದು ಕೊಟ್ಟಿದ್ದರು. ಗುತ್ತಿಗೆಯಿಲ್ಲ, ಚೀಟಿಯಿಲ್ಲ. ಮನೆಗೊಂದು ಗುಂಟೆಗೆ ಸ್ವಲ್ಪ ಹೆಚ್ಚು ಬಂದಿತ್ತು. ಯುಗಾದಿಯ ಹೊತ್ತಿಗೆ ದಂಟು, ಮೆಂತ್ಯ, ಕೊತ್ತಂಬರಿ, ಬೆಂಡೆ, ಹೀರೆ, ಟೊಮೇಟೊ ಹಾಕಿದ್ದರು.

ಮಳೆ ಹಿಡಿಯಿತು. ಲೆಕ್ಕ ಮಾಡಿ ನೋಡೋಣ. ಒಂದು ಗುಂಟೆಯೆಂದರೆ 33 ಅಡಿ ಉದ್ದ, 33 ಅಡಿ ಅಗಲ. ಅದರ ಮೇಲೆ ಒಂದು ಅಂಗುಲ ಮಳೆ ಬಿದ್ದರೆ ಸುಮಾರು 2,500 ಲೀಟರು ನೀರು; 15 ಲೀಟರಿನ ಕೊಡದಲ್ಲಿ ಹೊತ್ತರೆ 170 ಕೊಡದಷ್ಟು. ಒಂದೇ ರಾತ್ರಿಯಲ್ಲಿ ಎರಡು ಅಂಗುಲ ಸುರಿದರೆ ಒಂದು ಮನೆಯ ಸಣ್ಣ ಮಡಿಯ ಮೇಲೆ 340 ಕೊಡ ನೀರು ಸುರಿದಂತಾಯಿತು. ಮಸಬು ಭೂಮಿಯಾದರೆ ಸ್ವಲ್ಪ ಕುಡಿಯುತ್ತದೆ, ಎರೆಯಾದರೆ ನಿಲ್ಲುತ್ತದೆ. ನಿಂತ ನೀರಿನಲ್ಲಿ ಬೇರಿಗೆ ಉಸಿರಿಲ್ಲ. ಮೂರು ದಿನ ಹಾಗೆಯೇ ನಿಂತರೆ ಎಳೆ ಸೊಪ್ಪಿನ ಬುಡ ಕಪ್ಪಾಗಿ ಕೊಳೆಯುತ್ತದೆ. ಒಂಬತ್ತು ಮಡಿಗಳಲ್ಲಿ ಏಳಕ್ಕೆ ಆದದ್ದು ಇದೇ. ಮೇಲುಬದಿಯ ಎರಡು ಮನೆಯವರು ಮಾತ್ರ ಮಣ್ಣೇರಿಸಿ ಏರುಮಡಿ ಮಾಡಿ, ಸುತ್ತ ಒಂದಡಿ ಬಸಿಗಾಲುವೆ ತೋಡಿದ್ದರು. ಅವರ ಮಡಿ ಉಳಿಯಿತು. ಉಳಿದವರು ಯಾಕೆ ತೋಡಲಿಲ್ಲ? ಸೋಮಾರಿಗಳೇ? ಮಿಲ್ಲಿನಲ್ಲಿ ಎಂಟು ಗಂಟೆ ನಿಂತು ಬಂದು ಮಡಿಗೆ ನೀರು ಹೊರುವವರನ್ನು ಸೋಮಾರಿಗಳೆನ್ನುವ ಧೈರ್ಯ ನಮಗಿಲ್ಲ. ಕೇಳಿದ್ದಕ್ಕೆ ಒಬ್ಬ ಹೆಣ್ಣುಮಗಳು ಹೇಳಿದ ಮಾತು ಇದು: ‘ಬಿಡು ಅಂದ್ರೆ ಬಿಡೋ ನೆಲ. ಇದಕ್ಕೆ ಕಾಲುವೆ ತೋಡಿ ಬೆನ್ನು ಯಾಕೆ ಮುರ್ಕೊಳ್ಲಿ ಮೇಷ್ಟ್ರೇ?’

ನಮ್ಮ ವಾದವೆಲ್ಲ ಈ ಮಾತಿನಲ್ಲಿದೆ. ಬೀಜವನ್ನು ಯಾರೂ ಬಿತ್ತಬಲ್ಲರು; ಅದರ ಫಲ ತಿಂಗಳಲ್ಲಿ ಕೈಗೆ ಬರುತ್ತದೆ. ಆದರೆ ಬಸಿಗಾಲುವೆ, ಏರುಮಡಿ, ಗೊಬ್ಬರದ ಗುಂಡಿ, ಹೀರೆಯ ಚಪ್ಪರ, ಬದುವಿನ ಮೇಲೊಂದು ನುಗ್ಗೆ ಇವೆಲ್ಲ ನಾಳೆಗಾಗಿ ಪಡುವ ಶ್ರಮ. ನಾಳೆಯ ಭರವಸೆ ಇಲ್ಲದವನು ನಾಳೆಗಾಗಿ ದುಡಿಯುವುದಿಲ್ಲ; ದುಡಿ ಎನ್ನುವುದು ನ್ಯಾಯವೂ ಅಲ್ಲ. ಬಡವನ ಮಡಿಯನ್ನು ಕೊಳೆಸಿದ್ದು ಮಳೆಯಲ್ಲ; ನೆಲೆಯಿಲ್ಲದ ಸ್ಥಿತಿ.

ಮುಂದೆ ನಡೆದದ್ದನ್ನೂ ಹೇಳಬೇಕು. ಮೇಲಿನ ಇಬ್ಬರ ಕಾಲುವೆಯ ನೀರು ಕೆಳಗಿನವರ ಮಡಿಗೆ ಇಳಿಯಿತು. ಜಗಳವಾಯಿತು. ನೀರು ಮೇಲಿಂದ ಕೆಳಕ್ಕೆ ಹರಿಯುತ್ತದೆ. ನಮ್ಮ ಸಮಾಜದಲ್ಲಿ ಕಷ್ಟವೂ ಹಾಗೆಯೇ. ಕೊನೆಗೆ ಎಲ್ಲರೂ ಕೂತು ಮಾತಾಡಿ, ನಾಲ್ಕು ಭಾನುವಾರ ಒಟ್ಟಿಗೆ ಗುದ್ದಲಿ ಹಿಡಿದು, ನೆಲದ ಅಂಚಿನಿಂದ ಹಳ್ಳದವರೆಗೆ ಒಂದೇ ದೊಡ್ಡ ಕಾಲುವೆ ತೆಗೆದರು. ಎಲ್ಲರ ಮಡಿಯ ನೀರೂ ಅದಕ್ಕೆ ಬಿತ್ತು. ಮುಂಗಾರು ಪೂರ್ತಿ ಸೊಪ್ಪು ಕೊಯ್ದರು. ಒಬ್ಬೊಬ್ಬರೇ ತೋಡಿದರೆ ಪಕ್ಕದವನ ಮಡಿ ಮುಳುಗುತ್ತದೆ, ಎಲ್ಲರೂ ಕೂಡಿ ತೋಡಿದರೆ ಎಲ್ಲರ ಮಡಿಯೂ ಉಳಿಯುತ್ತದೆ ಎಂಬ ಪಾಠವನ್ನು ಸಮಾಜವಾದದ ತರಗತಿ ನಡೆಸಿ ಹೇಳಬೇಕಾಗಲಿಲ್ಲ. ಆದರೆ ನೆಲ ಹದವಾದದ್ದು ಯಜಮಾನರ ಕಣ್ಣಿಗೂ ಬಿತ್ತು. ನೀರು ನಿಲ್ಲದ ನೆಲಕ್ಕೆ ನಿವೇಶನದ ಬೆಲೆ ಬಂದಿತ್ತು. ದೀಪಾವಳಿ ಕಳೆದ ಮೇಲೆ ಬಿಡಿ ಎಂದರು. ಬಿಟ್ಟರು. ಈಗ ಅಲ್ಲಿ ಅಳತೆಯ ಕಲ್ಲುಗಳು ನಿಂತಿವೆ.

ಯಜಮಾನರನ್ನು ದುಷ್ಟರೆಂದು ಬಣ್ಣಿಸುವ ಉದ್ದೇಶ ನಮಗಿಲ್ಲ. ಅವರಿಗೂ ಸಾಲವಿದೆ, ಅವರಿಗೂ ಭಯವಿದೆ. ಭಯ ಯಾವುದು? ಅದನ್ನು ತಿಳಿಯಬೇಕಾದರೆ ಹಿಂದಕ್ಕೆ ಹೋಗಬೇಕು. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಸತ್ಯಾಗ್ರಹ ಹೂಡಿದರು. ಶಾಂತವೇರಿ ಗೋಪಾಲಗೌಡರು ಅದರ ಮುಂದಾಳಾಗಿ ನಿಂತರು. ರಾಮಮನೋಹರ ಲೋಹಿಯಾ ಅಲ್ಲಿಗೆ ಬಂದು ಸೆರೆಯಾದರು. ಉಳುವವನೇ ಹೊಲದೊಡೆಯ ಎಂಬ ಕೂಗು ಅಲ್ಲಿಂದ ನಾಡಿಗೆಲ್ಲ ಹರಡಿತು. 1961ರಲ್ಲಿ ಭೂಸುಧಾರಣಾ ಕಾನೂನು ಬಂತು. ಅದಕ್ಕೆ ಹಲ್ಲು ಬಂದದ್ದು ದೇವರಾಜ ಅರಸರ ಕಾಲದಲ್ಲಿ, 1974ರ ಮಾರ್ಚ್ 1ರಿಂದ. ಗೇಣಿ ಉಳುತ್ತಿದ್ದವರು ಹೊಲಕ್ಕೆ ಒಡೆಯರಾದರು. ಮುಂದೆ ಬೇಸಾಯದ ನೆಲವನ್ನು ಗೇಣಿಗೆ ಕೊಡುವುದನ್ನೇ ಕಾನೂನು ನಿಷೇಧಿಸಿತು. ಈ ಗೆಲುವು ದೊಡ್ಡದು. ಅದನ್ನು ಕಿರಿದು ಮಾಡುವ ಯಾವ ಮಾತಿಗೂ ನಾವು ಒಪ್ಪುವುದಿಲ್ಲ.

ಆದರೆ ಆ ಗೆಲುವಿನಲ್ಲಿ ಪಾಲು ಬಂದದ್ದು ಗೇಣಿದಾರನಿಗೆ. ಗೇಣಿಯೂ ಇಲ್ಲದ ಬರಿ ಕೂಲಿಯವನಿಗೆ, ಮಿಲ್ಲಿಗೆ ಹೋದವನಿಗೆ, ತಲೆ ಮೇಲೆ ಬುಟ್ಟಿ ಹೊತ್ತು ಮಾರುವವನಿಗೆ ಬಂದದ್ದು ಅತ್ಯಲ್ಪ. ಈಗ ಯಾರಾದರೂ ಒಂದು ಗುಂಟೆಯನ್ನು ಸೊಪ್ಪು ಬೆಳೆಯಲು ಬರಹದಲ್ಲಿ ಕೊಡಬೇಕೆಂದರೂ ಕೊಡಲಾರರು. ನಾಳೆ ಹಕ್ಕು ಕೇಳಿಯಾರೆಂಬ ಭಯ. ಆದ್ದರಿಂದ ಬಾಯಿಮಾತು. ಬಾಯಿಮಾತಾದ್ದರಿಂದ ವರ್ಷ ತಿರುಗುವ ಮೊದಲೇ ಬಿಡಿಸುವುದು. ಇದಕ್ಕೆ ಮದ್ದು ಗೇಣಿಯನ್ನು ಮತ್ತೆ ತರುವುದೆಂದು ಕೆಲವು ಪಂಡಿತರು ಹೇಳುತ್ತಾರೆ. ಅದು ಹಲ್ಲುನೋವಿಗೆ ತಲೆ ಕಡಿದಂತೆ. 2020ರಲ್ಲಿ ಭೂಸುಧಾರಣಾ ಕಾನೂನಿನ 79ಎ, 79ಬಿ ಕಲಮುಗಳನ್ನು ಕಿತ್ತುಹಾಕಿ, ಬೇಸಾಯಗಾರರಲ್ಲದ ಹಣವಂತರೂ ಹೊಲ ಕೊಳ್ಳುವ ಹಾದಿ ತೆರೆದದ್ದನ್ನು ಕಂಡಿದ್ದೇವೆ. ಖಾಸಗಿ ನೆಲ ಹಣದ ಕಡೆಗೆ ಓಡುತ್ತದೆ. ಅದನ್ನು ನಂಬಿ ಸೊಪ್ಪಿನ ಮಡಿ ಮಾಡಲಾಗದು. ನಮಗೆ ಬೇಕಾದ್ದು ಸಾರ್ವಜನಿಕ ನೆಲ.

ಈ ಮಾತು ಹೊಸದಲ್ಲ. ಇಂಗ್ಲೆಂಡಿನಲ್ಲಿ ಹದಿನೆಂಟು, ಹತ್ತೊಂಬತ್ತನೆಯ ಶತಮಾನಗಳಲ್ಲಿ ಜಮೀನ್ದಾರರು ಊರೊಟ್ಟಿನ ಬಯಲುಗಳಿಗೆ ಬೇಲಿ ಹಾಕಿ ಒಳಗೆ ಹಾಕಿಕೊಂಡರು. ನೆಲ ಕಳೆದುಕೊಂಡವರು ಗಿರಣಿಗಳ ಊರುಗಳಿಗೆ ಕೂಲಿಗೆ ಬಂದರು. ಬಹುಕಾಲದ ಹೋರಾಟದ ಮೇಲೆ 1908ರ ಕಾನೂನು ಬಂತು: ಕೆಲಸಗಾರರಿಗೆ ತರಕಾರಿ ಬೆಳೆಯಲು ಸಣ್ಣ ಪಾಲುಗಳನ್ನು ಒದಗಿಸುವುದು ಸ್ಥಳೀಯ ಸಭೆಯ ಕರ್ತವ್ಯ, ಆರು ಜನ ಮತದಾರರು ಅರ್ಜಿ ಹಾಕಿದರೆ ಸಭೆ ಅದನ್ನು ವಿಚಾರಿಸಲೇಬೇಕು. ಅಲ್ಲಿನ ವಾಡಿಕೆಯ ಪಾಲು ಸುಮಾರು 250 ಚದರ ಮೀಟರು, ಎಂದರೆ ನಮ್ಮ ಎರಡೂವರೆ ಗುಂಟೆ. 1922ರ ಕಾನೂನು, ಬಿಡಿಸುವಾಗ ನಿಂತ ಬೆಳೆಗೆ ಪರಿಹಾರ ಕೊಡಬೇಕೆಂದಿತು. 1925ರ ಕಾನೂನು, ಇದಕ್ಕೆಂದೇ ಕೊಂಡ ನೆಲವನ್ನು ಮಂತ್ರಿಯ ಒಪ್ಪಿಗೆಯಿಲ್ಲದೆ ಮಾರಕೂಡದೆಂದಿತು. ಎರಡನೆಯ ಮಹಾಯುದ್ಧದಲ್ಲಿ ಹಡಗುಗಳು ಮುಳುಗಿ ಆಹಾರ ಬರುವುದು ಕಷ್ಟವಾದಾಗ ಇಂಥ ಹತ್ತು ಲಕ್ಷಕ್ಕೂ ಹೆಚ್ಚು ಪಾಲುತೋಟಗಳು ಆ ದೇಶದ ಅಡಿಗೆಮನೆಗೆ ಆಸರೆಯಾದವು. ಮಳೆಗೆ ಹೆಸರಾದ ದೇಶವದು. ಆದರೂ ಅಲ್ಲಿನ ಕಾರ್ಮಿಕನ ಮಡಿ ಉಳಿದದ್ದಕ್ಕೆ ನೆಲದ ಭದ್ರತೆ ಮುಖ್ಯ ಕಾರಣವೆಂದು ನಮ್ಮ ಅಭಿಪ್ರಾಯ.

ನಮ್ಮಲ್ಲಿ ಏನಿದೆ? ಗೋಮಾಳ, ಗುಂಡುತೋಪು, ಹುಲ್ಲುಬನ್ನಿ, ಖರಾಬು, ಕೆರೆಯಂಗಳ ಇವೆಲ್ಲ ಊರೊಟ್ಟಿನ ನೆಲಗಳೇ. ಬೇಲಿ ಹಾಕಿಕೊಂಡವರು ನಮ್ಮಲ್ಲೂ ಇದ್ದಾರೆ. ಅವರು ಯಾರೆಂದು ಪ್ರತಿ ಊರಿಗೂ ಗೊತ್ತು. ನಮ್ಮ ಕಂದಾಯದ ನಿಯಮಗಳಲ್ಲಿ ಒಂದು ಚೆಂದದ ಲೆಕ್ಕವಿದೆ: ಊರಿನ ನೂರು ದನಗಳಿಗೆ 12 ಹೆಕ್ಟೇರು ಗೋಮಾಳ ಇರಬೇಕು. ಒಳ್ಳೆಯ ನಿಯಮ. ದನ ಮೇಯಬೇಕು, ಆ ನೆಲವನ್ನು ನಾವು ಕೇಳುವುದಿಲ್ಲ. ಆದರೆ ದನದ ಮೇವಿಗೆ ಲೆಕ್ಕ ಬರೆದಿಟ್ಟ ಸರ್ಕಾರ, ನೂರು ಭೂಹೀನ ಮನೆಗಳ ಸೊಪ್ಪಿಗೆ ಎಷ್ಟು ಗುಂಟೆ ಬೇಕೆಂದು ಎಲ್ಲಾದರೂ ಬರೆದಿಟ್ಟಿದೆಯೇ? ಮನೆಗೆ ಒಂದು ಗುಂಟೆಯಂತೆ ನೂರು ಮನೆಗೆ ಎರಡೂವರೆ ಎಕರೆ ಸಾಕು. 12 ಹೆಕ್ಟೇರೆಂದರೆ ಸುಮಾರು 30 ಎಕರೆ. ಅದರ ಹನ್ನೆರಡರಲ್ಲಿ ಒಂದು ಪಾಲಿನಷ್ಟು ನೆಲವನ್ನು ಬೇರೆ ಕಡೆ ತೋರಿಸಲಾರದಷ್ಟು ನಮ್ಮ ಜಿಲ್ಲೆ ಇಕ್ಕಟ್ಟಾಗಿಲ್ಲ.

ಅನ್ನಕ್ಕೆ ಪಡಿತರದ ಅಂಗಡಿಯಿದೆಯಲ್ಲ ಎಂದು ಕೆಲವರು ಕೇಳುತ್ತಾರೆ. ಪಡಿತರದ ಅಂಗಡಿಯಲ್ಲಿ ಅಕ್ಕಿ ಸಿಕ್ಕುತ್ತದೆ, ಸೊಪ್ಪು ಸಿಕ್ಕುವುದಿಲ್ಲ. ಮನುಷ್ಯನಿಗೆ ದಿನಕ್ಕೆ 400 ಗ್ರಾಂ ಹಣ್ಣು ತರಕಾರಿ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಐದು ಜನರ ಮನೆಗೆ ದಿನಕ್ಕೆ 2 ಕಿಲೊ, ತಿಂಗಳಿಗೆ 60 ಕಿಲೊ. ಯಾವ ಮಿಲ್ಲಿನ ಸಂಬಳದಲ್ಲಿ ಇದನ್ನು ಕೊಂಡು ತಿನ್ನಲಾದೀತು? 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಹೆಂಗಸರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆ ಕಂಡುಬಂತು. ಸಣ್ಣ ಮಕ್ಕಳಲ್ಲಿ ಅದಕ್ಕಿಂತಲೂ ಹೆಚ್ಚು. ಮುದ್ದೆ ಇದ್ದು ಬಸ್ಸಾರಿಗೆ ಸೊಪ್ಪಿಲ್ಲದ ಮನೆಗಳ ಲೆಕ್ಕವೂ ಇದರಲ್ಲಿ ಸೇರಿದೆ.

ಇನ್ನು ಚಿಲ್ಲರೆ ವ್ಯಾಪಾರಿ ಬಂಧುಗಳ ಅನುಮಾನ. ಮನೆಮನೆಯಲ್ಲಿ ಬೆಳೆದುಕೊಂಡರೆ ತಳ್ಳುಗಾಡಿಯ ವ್ಯಾಪಾರ ಏನಾಗಬೇಕು ಎಂಬುದು ನ್ಯಾಯವಾದ ಪ್ರಶ್ನೆ. ಆದರೆ 2023ರ ಜುಲೈ ನೆನಪಿರಲಿ. ಕೋಲಾರದ ಮಂಡಿಯಲ್ಲಿ 15 ಕಿಲೊ ಟೊಮೇಟೊ ಬಾಕ್ಸಿನ ಬೆಲೆ 2,000 ರೂಪಾಯಿ ದಾಟಿತು. ಎರಡು ತಿಂಗಳಲ್ಲಿ ನೆಲ ಕಚ್ಚಿತು. ಬೆಲೆ ಏರಿದಾಗ ಬೈಗುಳ ತಿಂದವನು ಗಾಡಿಯವನು. ಇಳಿದಾಗ ಕೊಳೆತ ಮಾಲನ್ನು ಚರಂಡಿಗೆ ಚೆಲ್ಲಿದವನೂ ಅವನೇ. ನಡುವೆ ಲಾಭ ಎಣಿಸಿದವರು ಬೇರೆ. ಒಂದು ಗುಂಟೆಯಲ್ಲಿ ಈರುಳ್ಳಿ, ಆಲೂಗಡ್ಡೆ, ಬೆಳ್ಳುಳ್ಳಿ ಬೆಳೆದು ಮನೆ ತುಂಬಿಸುವವರು ಯಾರೂ ಇಲ್ಲ. ಅವನ್ನು ಅಂಗಡಿಯಿಂದಲೇ ತರಬೇಕು. ಬೆಳಗ್ಗೆ ಕೊಯ್ದು ಸಂಜೆಗೆ ಬಾಡುವ ಸೊಪ್ಪು ಮಾತ್ರ ಮಡಿಯದು. ಹೆಚ್ಚಾದ ಸೊಪ್ಪನ್ನು ಅದೇ ಗಾಡಿಯವನು ಊರಲ್ಲೇ ಕೊಳ್ಳಬಹುದು. ಬೆಳಗಿನ ಜಾವ ದೂರದ ಮಂಡಿಗೆ ಹೋಗುವ ಲಗೇಜಿನ ದುಡ್ಡು ಅವನಿಗೂ ಉಳಿಯುತ್ತದೆ. ಸೊಪ್ಪಿಗೆ ದುಡ್ಡು ಉಳಿದ ಮನೆ ಅದನ್ನು ಹೂತಿಡುವುದಿಲ್ಲ. ಎಣ್ಣೆಗೆ, ಬೇಳೆಗೆ, ಮಕ್ಕಳ ಚಡ್ಡಿಗೆ ನಿಮ್ಮ ಅಂಗಡಿಗೇ ತರುತ್ತದೆ.

ಮಿಲ್ಲಿನ ಯಜಮಾನರಿಗೂ ಒಂದು ಮಾತು. ‘ಸೊಪ್ಪು ಬೆಳೆದುಕೊಳ್ಳುತ್ತಾರಲ್ಲ, ತುಟ್ಟಿಭತ್ಯೆ ಯಾಕೆ’ ಎಂಬ ಜಾಣತನ ಯಾರಿಗಾದರೂ ಹೊಳೆದೀತು. ಪಾಲುತೋಟ ಸಂಬಳಕ್ಕೆ ಬದಲಿಯಲ್ಲ. 1997ರವರೆಗೆ ನಮ್ಮ ಜಿಲ್ಲೆಗೇ ಸೇರಿದ್ದ ದಾವಣಗೆರೆಯಲ್ಲಿ ಹತ್ತಿ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದ್ದನ್ನು ಕಂಡವರಿಗೆ, ಕೆಲಸ ಹೋದ ಮನೆಯನ್ನು ಹಿತ್ತಿಲ ದಂಟು ಸಾಕಲಾರದೆಂದು ಬಿಡಿಸಿ ಹೇಳಬೇಕಾಗಿಲ್ಲ. ಮಡಿಯಲ್ಲಿ ಸುರಿಸುವುದು ಕಾರ್ಮಿಕನ ವಿರಾಮದ ಬೆವರು; ಅದರ ಫಲದಲ್ಲಿ ಧಣಿಗೆ ಪಾಲಿಲ್ಲ. ಬೆಲೆಯ ಸೂಚ್ಯಂಕ ಏರಿದಂತೆ ಭತ್ಯೆ ಏರಬೇಕು. ಮಡಿ ಹಸಿರಾದಂತೆ ಅದು ಇಳಿಯಕೂಡದು.

ಹಾಗಾದರೆ ಏನು ಮಾಡಬೇಕು? ನಮ್ಮ ಬೇಡಿಕೆ ಮೂರು.

ಮೊದಲನೆಯದು, ನೆಲ. 1964ರ ಕರ್ನಾಟಕ ಭೂಕಂದಾಯ ಕಾನೂನಿನ 71ನೇ ಕಲಮಿನಂತೆ ಸರ್ಕಾರಿ ನೆಲವನ್ನು ಸಾರ್ವಜನಿಕ ಉದ್ದೇಶಕ್ಕೆಂದು ಕಾದಿರಿಸಬಹುದು. ಹಾಗೆ ಕಾದಿರಿಸಿದ್ದನ್ನು ಜಿಲ್ಲಾಧಿಕಾರಿಯ ಒಪ್ಪಿಗೆಯಿಲ್ಲದೆ ಬೇರೆ ಕೆಲಸಕ್ಕೆ ಬಳಸುವಂತಿಲ್ಲ. ಸ್ಮಶಾನಕ್ಕೆ, ಶಾಲೆಗೆ, ಕಸ ಸುರಿಯಲು ನೆಲ ಕಾದಿರಿಸುವಂತೆ ಭೂಹೀನರ ಪಾಲುತೋಟಕ್ಕೂ ಕಾದಿರಿಸಲಿ. ಕೆರೆಯ ಅಂಗಳವನ್ನು ನಾವು ಕೇಳುವುದಿಲ್ಲ. ಕೆರೆ ಕೆರೆಯಾಗಿಯೇ ಇರಬೇಕು. ಹೆಸರಿನಲ್ಲೇ ಕೆರೆ ಹೊತ್ತ ಊರಿನವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ.

ಎರಡನೆಯದು, ಭದ್ರತೆ. ಐದು ವರ್ಷಕ್ಕೆ ಕಡಿಮೆಯಿಲ್ಲದ ಬರಹದ ಅನುಮತಿ, ಮನೆಯ ಹೆಣ್ಣುಮಗಳ ಹೆಸರಿನಲ್ಲಿ. ಮಾರುವ ಹಕ್ಕು ಬೇಡ, ಮನೆ ಕಟ್ಟುವ ಹಕ್ಕೂ ಬೇಡ. ಒಕ್ಕಲೆಬ್ಬಿಸಿದರೆ ನಿಂತ ಬೆಳೆಗೂ ತೋಡಿದ ಕಾಲುವೆಗೂ ಪರಿಹಾರ ಬೇಕು.

ಮೂರನೆಯದು, ಒಟ್ಟು ಕಾಲುವೆ. ಪಾಲು ಹಂಚುವ ಮೊದಲು ಪಂಚಾಯ್ತಿಯೇ ನೆಲದ ಇಳಿಜಾರು ನೋಡಿ ದೊಡ್ಡ ಬಸಿಗಾಲುವೆ ತೆಗೆಸಬೇಕು. ಪಾಲುಗಳನ್ನು ಚೀಟಿಯೆತ್ತಿ ಹಂಚಬೇಕು. ಇದನ್ನು ಒತ್ತಿ ಹೇಳಲು ಕಾರಣವಿದೆ. ಹಂಚಿಕೆಯನ್ನು ಊರಿನ ವಾಡಿಕೆಗೆ ಬಿಟ್ಟರೆ ಮೇಲುಬದಿ ಮೇಲಿನ ಕೇರಿಗೂ ನೀರು ನಿಲ್ಲುವ ಕೆಳಬದಿ ಕೆಳಗಿನ ಕೇರಿಗೂ ಹೋಗುವುದು ಖಂಡಿತ. ಆಮೇಲೆ ‘ಅವರಿಗೆ ಬೇಸಾಯ ಬಾರದು’ ಎಂಬ ಮಾತೂ ಬರುತ್ತದೆ. ಚೀಟಿಗೆ ಜಾತಿಯಿಲ್ಲ.

ನೆಲ ಸಿಕ್ಕುವವರೆಗೆ ಕೈಕಟ್ಟಿ ಕೂರಬೇಕಾಗಿಲ್ಲ. ಹಿತ್ತಿಲಲ್ಲಿ ಹತ್ತಡಿ ಇರುವವರೂ ಮಳೆಯ ಬೇಸಿಗೆಗೆ ಸಿದ್ಧವಾಗಬಹುದು. ಮಡಿಯ ಅಗಲ ಮೂರರಿಂದ ನಾಲ್ಕು ಅಡಿ ಇರಲಿ, ಎರಡೂ ಬದಿಯಿಂದ ಕೈ ಎಟಕುವಂತೆ; ಎತ್ತರ ಅರ್ಧದಿಂದ ಮುಕ್ಕಾಲು ಅಡಿ; ನಡುವೆ ಒಂದಡಿ ಕಾಲುವೆ. ಮಡಿ ತುಳಿಯಬೇಡಿ, ಕಾಲುವೆಯಲ್ಲೇ ಓಡಾಡಿ. ಬೀಜವನ್ನು ಎರಚದೆ ಸಾಲಿನಲ್ಲಿ ತೆಳ್ಳಗೆ ಬಿತ್ತಿದರೆ ಗಾಳಿ ಆಡಿ ಎಲೆ ಬೇಗ ಒಣಗುತ್ತದೆ. ಬಿಡದ ಮಳೆಯಲ್ಲಿ ಮೆಂತ್ಯ, ಕೊತ್ತಂಬರಿ ಬೇಗ ಕೊಳೆಯುತ್ತವೆ. ದಂಟು, ಬಸಳೆ, ನುಗ್ಗೆ ಹೆಚ್ಚು ತಾಳುತ್ತವೆ. ತಗ್ಗಿನಲ್ಲಿ ನೀರು ನಿಂತೇ ನಿಲ್ಲುವುದಾದರೆ ಅಲ್ಲಿ ಕೆಸವು ಹಾಕಿ. ಹೀರೆ, ಹಾಗಲ, ಪಡವಲಗಳನ್ನು ಚಪ್ಪರಕ್ಕೆ ಹತ್ತಿಸಿ. ನೆಲದಲ್ಲಿ ಹಬ್ಬಿದ ಕಾಯಿ ಕೆಸರಿಗೆ ತಾಗಿ ಕೊಳೆಯುತ್ತದೆ. ಟೊಮೇಟೊಗೆ ಕೋಲು ಕೊಟ್ಟು ಕಟ್ಟಿ, ಮಣ್ಣಿಗೆ ತಾಗುವ ಕೆಳಗಿನ ಎಲೆಗಳನ್ನು ಕಿತ್ತುಹಾಕಿ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರು ಬೆಳೆಸಿದ ಅರ್ಕಾ ರಕ್ಷಕ್ ಟೊಮೇಟೊ, ಅರ್ಕಾ ಅನಾಮಿಕ ಬೆಂಡೆ ಕೆಲವು ರೋಗಗಳನ್ನು ತಡೆಯುತ್ತವೆ. ಜೋರು ಮಳೆ ಗೊಬ್ಬರದ ಸಾರವನ್ನು ಕೊಚ್ಚಿಕೊಂಡು ಹೋಗುತ್ತದೆ. ಮಳೆ ಬಿಟ್ಟ ಮೇಲೆ ಎರಡು ಬೊಗಸೆ ಕಳಿತ ಗೊಬ್ಬರವನ್ನು ಬುಡಕ್ಕೆ ಕೊಡಿ. ಬಸವನಹುಳುಗಳನ್ನು ಕತ್ತಲಾದ ಮೇಲೆ ದೀಪ ಹಿಡಿದು ಆರಿಸಿ ತೆಗೆಯಬೇಕು.

ಟೊಮೇಟೊಗೆ ಅಂಗಮಾರಿ ಬೀಳುವ ಮುನ್ನ ಬೋರ್ಡೋ ದ್ರಾವಣ ಹೊಡೆಯಬಹುದು. ಹತ್ತು ಲೀಟರು ನೀರಿಗೆ 100 ಗ್ರಾಂ ಮೈಲುತುತ್ತ, 100 ಗ್ರಾಂ ಸುಣ್ಣ. ಎರಡನ್ನೂ ಬೇರೆಬೇರೆ ಪ್ಲಾಸ್ಟಿಕ್ ಬಕೀಟಿನಲ್ಲಿ ಕರಗಿಸಿ ಆಮೇಲೆ ಸೇರಿಸಬೇಕು. ಕಬ್ಬಿಣದ ಪಾತ್ರೆ ಬೇಡ. ಉಜ್ಜಿದ ಚಾಕುವನ್ನು ಅದ್ದಿ ನೋಡಿ. ಅಲಗು ತಾಮ್ರದಂತೆ ಕೆಂಪಾದರೆ ಇನ್ನಷ್ಟು ಸುಣ್ಣ ಬೇಕೆಂದರ್ಥ. ತಿನ್ನುವ ಸೊಪ್ಪಿಗೆ ಇದನ್ನು ಹೊಡೆಯಕೂಡದು. ಹಣ್ಣನ್ನೂ ದಿನ ಬಿಟ್ಟು, ಚೆನ್ನಾಗಿ ತೊಳೆದೇ ತಿನ್ನಬೇಕು. ಅಡಿಕೆಯ ಕೊಳೆರೋಗಕ್ಕೆ ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ ನೂರು ವರ್ಷಗಳ ಹಿಂದೆಯೇ ಬಳಸಿ ತೋರಿಸಿದ ಮದ್ದು ಇದು. ತೋಟದ ಕೂಲಿಗೆ ಹೋದವರಲ್ಲಿ ಅನೇಕರಿಗೆ ಇದರ ಕೈಚಳಕ ಗೊತ್ತು. ಧಣಿಯ ಅಡಿಕೆಗೆ ಹೊಡೆದ ಕೈಗಳು ಇನ್ನು ತಮ್ಮ ಟೊಮೇಟೊಗೂ ಹೊಡೆಯಲಿ.

ಕಾರ್ಮಿಕ ಬಂಧುಗಳೇ, ವ್ಯಾಪಾರಿ ಮಿತ್ರರೇ, ಗ್ರಾಮಸಭೆ ವರ್ಷಕ್ಕೆ ಎರಡು ಸಾರಿಯಾದರೂ ಸೇರಲೇಬೇಕೆಂದು ಕಾನೂನಿದೆ. ಅಲ್ಲಿ ಸಾಮಾನ್ಯವಾಗಿ ಮನೆ, ಚರಂಡಿ, ಬೀದಿದೀಪದ ಮಾತಾಗುತ್ತದೆ. ಇನ್ನು ಮುಂದೆ ಪಾಲುತೋಟದ ಮಾತೂ ಆಗಲಿ. ಇಂಗ್ಲೆಂಡಿನಲ್ಲಿ ಆರು ಜನರ ಅರ್ಜಿ ಸಾಕಾಗಿತ್ತು. ನಾವು ಅರವತ್ತು ಜನ ಸಹಿ ಹಾಕೋಣ. ಭೂಹೀನ ಮನೆಗಳ ಪಟ್ಟಿ ಮಾಡಿ; ಊರಿನ ಸರ್ಕಾರಿ ನೆಲದ ಸರ್ವೆ ನಂಬರು, ಅದರಲ್ಲಿ ಯಾರು ಎಷ್ಟು ಒತ್ತಿಕೊಂಡಿದ್ದಾರೆಂಬ ವಿವರ ಬರೆದು ಅರ್ಜಿಗೆ ಲಗತ್ತಿಸಿ; ಠರಾವು ಪುಸ್ತಕದಲ್ಲಿ ಬರೆಸದೆ ಸಭೆಯಿಂದ ಏಳಬೇಡಿ. ಪಟ್ಟಿ ಬರೆಯಲು ಕೈ ಬೇಕಾದಲ್ಲಿ ನಮ್ಮ ಸಂಗಾತಿಗಳು ಬರುತ್ತಾರೆ.

ಭರಣಿ ಮಳೆ ಏಪ್ರಿಲ್ ಕೊನೆಗೆ ಹುಟ್ಟುತ್ತದೆ. ಭರಣಿ ಸುರಿದರೆ ಧರಣಿಯೆಲ್ಲ ಬೆಳೆ ಎಂದು ಗಾದೆ. ಧರಣಿಯೇ ಇಲ್ಲದವನಿಗೆ ಭರಣಿಯಿಂದೇನು? ಆ ಮಳೆಗೆ ಮೊದಲು ಪ್ರತಿ ಹಳ್ಳಿಯಿಂದಲೂ ಒಂದು ಅರ್ಜಿ ತಾಲ್ಲೂಕು ಕಚೇರಿಯ ಮೇಜಿಗೆ ಬೀಳಲಿ.